ಅಜ್ಜಿಯ ಪ್ರಾರ್ಥನೆ ಪುಸ್ತಕದಲ್ಲಿ ಟಿಪ್ಪೆರರಿ ಅಂತಿದೆ, ಮುಂದೆ ಎಲ್ಲಿ ಹುಡುಕಲಿ?

ಫಳ್ನೀರಿನ ಮೊಮ್ಮಗಳು:
ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವಳು. ಅಪ್ಪನ ಕಡೆಯ ವಿಷಯದಲ್ಲಿ ನಮಗೆ ಚಿಂತೆಯಿಲ್ಲ. ಯಾವ ವಾಡೊ, ಯಾವ ಮನೆ, ಯಾರ ಮಗ ಅಂತ ಹಿರಿಯರು ಆರು ತಲೆಮಾರು ಬಾಯಲ್ಲೇ ಹೇಳುತ್ತಾರೆ. ಕಷ್ಟ ಇರುವುದು ಅಮ್ಮನ ಕಡೆಯದು. ಅಜ್ಜಿ ಪೋದನೂರಿನ ರೈಲ್ವೆ ಕಾಲೊನಿಯಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕೊಂಕಣಿ ಕಲಿತರು, ಬಂಗುಡೆ ಪುಳಿಮುಂಚಿ ಕಲಿತರು. ತನ್ನ ಮುತ್ತಜ್ಜ ಐರ್ಲೆಂಡಿನಿಂದ ಬಂದ ಸಿಪಾಯಿ ಅಂತ ಮಾತ್ರ ಹೇಳುತ್ತಿದ್ದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಇನ್ನೂ ನಾಲ್ಕು ಮಾತು ಕೇಳಿಟ್ಟುಕೊಳ್ಳಬೇಕಿತ್ತು ಅಂತ ದಿನಾ ಅನ್ನಿಸುತ್ತದೆ.

ಅವರ ಪ್ರಾರ್ಥನೆ ಪುಸ್ತಕ ಈಗ ನನ್ನ ಹತ್ತಿರ ಇದೆ. ಕೊನೆಯ ಹಾಳೆಗೆ ಗರಿಗಳ ಭಾನುವಾರದ ಒಣ ತೆಂಗಿನ ಗರಿ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿದೆ. ಅಡಿಯಲ್ಲಿ ಕಂದು ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ಎರಡು ಸಾಲು. ಮೊದಲನೆಯದು 'ರಯಾನ್ ಬಾನ್, ಬ್ಯಾಲಿ', ಅಲ್ಲಿಂದ ಮುಂದೆ ಹುಳ ತಿಂದ ತೂತು, ಕೊನೆಗೆ 'ಟಿಪ್ಪೆರರಿ', ಅದು ಐರ್ಲೆಂಡಿನಲ್ಲಿದೆಯಂತೆ. ಎರಡನೆಯದು 'ಮದುವೆ ಬೆಂಗಳೂರು, 1868, ವಯಸ್ಸು 27'. ಬಾನ್ ಅಂದರೆ 'ಹುಟ್ಟಿದ್ದು' ಅನ್ನುವ ಇಂಗ್ಲಿಷ್ ಪದ, ಬರೆದವರಿಗೆ ಸ್ಪೆಲಿಂಗ್ ಬರುತ್ತಿರಲಿಲ್ಲ ಅಂತ ಮಾವ ಹೇಳುತ್ತಾರೆ.

ವಂಶ ಹುಡುಕಿಕೊಡುತ್ತೇವೆ ಅಂದ ಒಂದು ಕಡೆ ಎಂಟು ಸಾವಿರ ಕಟ್ಟಿದೆ. ರಯಾನ್ ಮನೆತನದ ಲಾಂಛನ ಅಂತ ಒಂದು ಬಣ್ಣದ ಚಿತ್ರ ಕಳಿಸಿ ಸುಮ್ಮನಾದರು. ತುಂಬ ಬೇಜಾರಾಯಿತು. ಗೊತ್ತಿರುವವರು ದಾರಿ ಹೇಳಿ.

ಕಲ್ಯಾಣಪುರದ ಮೇಷ್ಟ್ರು:
ಆ ಚಿತ್ರ ಮರೆತುಬಿಡಿ. ಲಾಂಛನ ಕೊಡುತ್ತಿದ್ದದ್ದು ಒಬ್ಬ ವ್ಯಕ್ತಿಗೆ, ಅವನ ಸಂತತಿಗೆ. ಆ ಹೆಸರಿನವರಿಗೆಲ್ಲ ಸೇರಿದ್ದಲ್ಲ.

ಐರ್ಲೆಂಡಿಗೆ ಈಗಲೇ ಹಾರಬೇಡಿ. ಅಲ್ಲಿಯ ಹಳೆಯ ಜನಗಣತಿ ನಿಮಗೆ ಸಿಗುವುದಿಲ್ಲ. 1922ರಲ್ಲಿ ಅಂತರ್ಯುದ್ಧ ಶುರುವಾದಾಗ ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಭಂಡಾರಕ್ಕೆ ಬೆಂಕಿ ಬಿತ್ತು. 1821ರಿಂದ 1851ರವರೆಗಿನ ಗಣತಿ ಬಹುಪಾಲು ಅಲ್ಲೇ ಬೂದಿಯಾಯಿತು. 1901 ಮತ್ತು 1911ರದ್ದು ಉಳಿದಿದೆ, ಆದರೆ ನಿಮ್ಮವರು ಅಷ್ಟರಲ್ಲಿ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು.

ಬೆಂಗಳೂರಿನ ಮದುವೆಯಿಂದ ಶುರು ಮಾಡಿ. ಆಗ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ಲೆಕ್ಕದ ನಕಲು ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬೆಂಗಳೂರು ದಂಡಿನದ್ದು ಮದ್ರಾಸ್ ಕಟ್ಟಿನಲ್ಲಿ ನೋಡಬೇಕು. ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ಚರಿತ್ರೆ ಹುಡುಕುವವರ ಫಿಬಿಸ್ ಅನ್ನುವ ಸಂಘದ ಜಾಲತಾಣದಲ್ಲಿ ಹೆಸರು ಹಾಕಿ ಪುಕ್ಕಟೆಯಾಗಿ ಹುಡುಕಬಹುದು. ಮದುವೆಯ ನಮೂದು ಸಿಕ್ಕರೆ ವರನ ತಂದೆಯ ಹೆಸರು, ಅವನ ಪಲ್ಟನ್ ಎರಡೂ ಸಿಗುವ ಸಾಧ್ಯತೆ ಜಾಸ್ತಿ. ಪಲ್ಟನ್ ಗೊತ್ತಾದರೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪಿಂಚಣಿ ಸಿಪಾಯಿಗಳ ಬಿಡುಗಡೆ ಪತ್ರ ನೋಡಿ. ಅದರಲ್ಲಿ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿ), ಹತ್ತಿರದ ಪೇಟೆ, ಕೌಂಟಿ (ಜಿಲ್ಲೆ) ಬರೆಯುತ್ತಿದ್ದರು. ನನ್ನ ಹೆಂಡತಿಯ ಕಡೆಯ ಒಬ್ಬರ ಊರು ನಮಗೆ ಸಿಕ್ಕಿದ್ದೇ ಹಾಗೆ. ಆ ಸಾಲು ಓದಿದ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ.

ಬಿಜೈನವ:
ಡಿಎನ್‌ಎ ಪರೀಕ್ಷೆಯನ್ನೂ ಯೋಚಿಸಿ. ನಿಮ್ಮದಲ್ಲ, ಅಮ್ಮನದ್ದು ಮಾಡಿಸಿ. ಒಂದು ತಲೆಮಾರು ಹತ್ತಿರ ಅಲ್ವಾ.

ಡಬ್ಲಿನ್ನಿನಲ್ಲಿರುವ ಮೂಡುಬೆಳ್ಳೆಯವಳು:
ಅಕ್ಕಾ, ನಿಮ್ಮ ಮಾವನಿಗೆ ಹೇಳಿ, ಸ್ಪೆಲಿಂಗ್ ತಪ್ಪಿಲ್ಲ! ನಾನು ಇಲ್ಲಿ ನರ್ಸ್. ನಮ್ಮ ವಾರ್ಡಿನಲ್ಲಿ ಟಿಪ್ಪೆರರಿಯ ಅಜ್ಜಿಯೊಬ್ಬರು ಇದ್ದರು, ಅವರೂ ರಯಾನ್. ಆ ಕಡೆ ರಯಾನ್‌ಗಳು ಎಷ್ಟು ಅಂದರೆ, ನಮ್ಮಲ್ಲಿ ಡಿಸೋಜಗಳು ಇದ್ದ ಹಾಗೆ. ಬರೀ ಹೆಸರು ಹೇಳಿದರೆ ಯಾರು ಅಂತ ತಿಳಿಯುವುದಿಲ್ಲ. ಅದಕ್ಕೆ ಪ್ರತಿ ಕವಲಿಗೆ ಒಂದು ಅಡ್ಡಹೆಸರು ಅಂಟಿಸುತ್ತಾರೆ. ನಾವು ಮನೆ ಹೆಸರು ಸೇರಿಸಿ ಹೇಳುತ್ತೇವಲ್ಲ, ಅದೇ ಲೆಕ್ಕ. ಐರಿಶ್ ಭಾಷೆಯಲ್ಲಿ ಬಾನ್ ಅಂದರೆ ಬಿಳಿ. ಹಿಂದೆ ಯಾರಿಗೋ ತಿಳಿ ಬಣ್ಣದ ಕೂದಲು ಇದ್ದಿರಬೇಕು. ರುವಾ ಅಂದರೆ ಕೆಂಪು, ರಯಾನ್ ರುವಾಗಳೂ ಇದ್ದಾರೆ. ನಿಮ್ಮವರು ರಯಾನ್ ಬಾನ್ ಕವಲಿನವರು. ಇದು ಊರಿನ ಹೆಸರಿಗಿಂತ ದೊಡ್ಡ ಗುರುತು.

'ಬ್ಯಾಲಿ' ಒಂದನ್ನೇ ಹಿಡಿದುಕೊಂಡು ಹೋದರೆ ಆಗುವುದಿಲ್ಲ. ನಮ್ಮಲ್ಲಿ ಬೈಲು, ಬೆಟ್ಟು, ಪಾಡಿ ಇದ್ದ ಹಾಗೆ ಇಲ್ಲಿ ಎಲ್ಲಿ ನೋಡಿದರೂ ಬ್ಯಾಲಿ. ಟೌನ್‌ಲ್ಯಾಂಡ್ ಅನ್ನುವ ಚಿಕ್ಕ ಊರುಗಳೇ 60,000ಕ್ಕಿಂತ ಜಾಸ್ತಿ. ಟಿಪ್ಪೆರರಿಯೂ ಹಾಗೇ, ಪೇಟೆಯ ಹೆಸರೂ ಹೌದು, ಕೌಂಟಿಯ ಹೆಸರೂ ಹೌದು. ಉಡುಪಿ ಅಂದರೆ ಪೇಟೆಯೋ ಜಿಲ್ಲೆಯೋ ಅಂತ ಕೇಳಬೇಕಲ್ಲ, ಹಾಗೆ.

1868ಕ್ಕೆ 27 ಅಂದರೆ ಹುಟ್ಟಿದ್ದು 1841ರ ಆಸುಪಾಸು. ಸರ್ಕಾರ ಎಲ್ಲರ ಜನನ ಬರೆದುಕೊಳ್ಳಲು ಶುರು ಮಾಡಿದ್ದು 1864ರಲ್ಲಿ. ಹಾಗಾಗಿ ಚರ್ಚಿನ ರಿಜಿಸ್ಟರೇ ಗತಿ. ಕಥೋಲಿಕ್ ಪ್ಯಾರಿಷ್‌ಗಳ ಪುಟಗಳ ಚಿತ್ರವನ್ನು ಇಲ್ಲಿಯ ನ್ಯಾಷನಲ್ ಲೈಬ್ರರಿ ಪುಕ್ಕಟೆಯಾಗಿ ಹಾಕಿದೆ. ಹೆಸರುಗಳು ಎಷ್ಟೋ ಕಡೆ ಲ್ಯಾಟಿನ್‌ನಲ್ಲಿವೆ. ಜೇಮ್ಸ್ ಅಲ್ಲಿ ಜಾಕೋಬುಸ್ ಆಗಿರುತ್ತಾನೆ, ವಿಲಿಯಂ ಗುಲಿಯೆಲ್ಮುಸ್. ಪದ್ರಾಬ್–ಮಾದ್ರಿನ್, ಅಂದರೆ ದೀಕ್ಷಾಸ್ನಾನದ ಧರ್ಮತಂದೆ–ಧರ್ಮತಾಯಿಯ ಹೆಸರು ಬಿಡಬೇಡಿ, ಹೆಚ್ಚಾಗಿ ಹತ್ತಿರದ ನೆಂಟರೇ ಇರುತ್ತಾರೆ.

ಅದಕ್ಕೂ ಮುಂಚೆ ಗ್ರಿಫಿತ್ಸ್ ವ್ಯಾಲ್ಯುವೇಶನ್ ನೋಡಿ. 1847ರಿಂದ 1864ರ ನಡುವೆ ತೆರಿಗೆಗಾಗಿ ಮನೆ, ಹೊಲಗಳಿಗೆ ಬೆಲೆ ಕಟ್ಟಿದ ಪಟ್ಟಿ ಅದು. ಯಾವ ಟೌನ್‌ಲ್ಯಾಂಡಿನಲ್ಲಿ ಯಾರ ಒಕ್ಕಲು ಅಂತ ಅದರಲ್ಲಿದೆ. ಒಂದೇ ಹೆಸರಿನವರು ಇಬ್ಬರಿದ್ದರೆ ಪಕ್ಕದಲ್ಲಿ ಈ ಅಡ್ಡಹೆಸರನ್ನೂ ಅಚ್ಚು ಹಾಕಿದ್ದಾರೆ. ರಯಾನ್ ಪಕ್ಕದಲ್ಲಿ ಬಾನ್, ಊರು ಬ್ಯಾಲಿಯಿಂದ ಶುರು. ಎರಡೂ ಕೂಡಿದ ಕಡೆ ಹೆಚ್ಚು ಇರಲಿಕ್ಕಿಲ್ಲ. ತೂತಿನ ಸುತ್ತ ಅಕ್ಷರದ ತುಂಡು ಏನಾದರೂ ಉಳಿದಿದೆಯಾ?

ಫಳ್ನೀರಿನ ಮೊಮ್ಮಗಳು:
ಓದುತ್ತಾ ಕಣ್ಣೀರು ಬಂತು. ಮಾವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಚಿಕ್ಕವರಿದ್ದಾಗ ಅಜ್ಜಿಯ ಜಡೆ ಜೋಳದ ಕೂದಲಿನ ಬಣ್ಣ ಇತ್ತು ಅಂತ ಪೋದನೂರಿನವರು ಹೇಳುತ್ತಿದ್ದರು ಅಂದರು. ನನಗೆ ನೆನಪಿರುವುದು ಬೆಳ್ಳಿ ಕೂದಲು ಮಾತ್ರ.

ಈಗಷ್ಟೇ ಮೊಬೈಲ್ ಟಾರ್ಚನ್ನು ಹಾಳೆಯ ಹಿಂದೆ ಹಿಡಿದು ನೋಡಿದೆ. ತೂತಿನ ಕೆಳಗಂಚಿನಲ್ಲಿ ಅಕ್ಷರವೊಂದರ ಬಾಲ ಉಳಿದಿದೆ, ಎಡಕ್ಕೆ ಸುತ್ತಿಕೊಂಡಿದೆ. ಜಿ ಇರಬಹುದು, ವೈ ಕೂಡ ಇರಬಹುದು. ನಾಳೆ ಬೆಳಿಗ್ಗೆ ಬಿಸಿಲಿನಲ್ಲಿ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ.