ಶಾಕ್ ಹೊಡೆದವರನ್ನು ಬಿಡಿಸುವಾಗ ಮೊದಲ ಕೆಲಸ ಯಾವುದು?

ಪ್ರಶ್ನೆ: ಸರ್, ನಾನು ಪೀಣ್ಯದ ಫ್ಯಾಬ್ರಿಕೇಷನ್ ಘಟಕವೊಂದರ ಮೇಲ್ವಿಚಾರಕ. ಮೊನ್ನೆ ಕೇಬಲ್ ಸವೆದಿದ್ದ ಗ್ರೈಂಡರ್ ಹಿಡಿದಿದ್ದ ಹುಡುಗನಿಗೆ ಶಾಕ್ ಹೊಡೆಯಿತು. ಎಳೆಯಲು ಹೋದ ಜೊತೆಗಾರನಿಗೂ ಹೊಡೆಯಿತು. ಯಾರೋ ಮೇನ್ ಆಫ್ ಮಾಡಿದ್ದರಿಂದ ಇಬ್ಬರೂ ಉಳಿದರು. ಹುಡುಗ ತನಗೆ ಏನೂ ಆಗಿಲ್ಲವೆಂದು ಮತ್ತೆ ಕೆಲಸಕ್ಕೆ ಬರುತ್ತಿದ್ದಾನೆ. ಇಂಥ ಸಂದರ್ಭದಲ್ಲಿ ಮಾಡಬೇಕಾದುದೇನು?

ಉತ್ತರ (ವಿದ್ಯುತ್ ಸುರಕ್ಷತಾ ಎಂಜಿನಿಯರ್): ಮೇನ್ ಆಫ್ ಮಾಡಿದವರೇ ಅಂದು ಇಬ್ಬರ ಜೀವ ಉಳಿಸಿದ್ದಾರೆ. ಸುಮಾರು 10 ಮಿಲಿಆಂಪಿಯರ್ ದಾಟಿದ ಎ.ಸಿ. ವಿದ್ಯುತ್ ಕೈಯ ಮೂಲಕ ಹರಿದರೆ ಮುಂಗೈ ಸ್ನಾಯುಗಳು ಬಿಗಿದುಕೊಂಡು ಬೆರಳುಗಳು ತಾವಾಗಿಯೇ ಮುಚ್ಚಿಕೊಳ್ಳುವುದರಿಂದ, ಹಿಡಿದವನು ಬಿಡಬೇಕೆಂದರೂ ಬಿಡಲಾರ. ಅವನನ್ನು ಬರಿಗೈಯಲ್ಲಿ ಮುಟ್ಟಿದವನ ಮೈಯೂ ವಿದ್ಯುತ್ತಿಗೆ ದಾರಿಯಾಗುತ್ತದೆ. ಆದ್ದರಿಂದ ಯಂತ್ರದ ಗುಂಡಿಯನ್ನು ನಂಬದೆ, ಪ್ಲಗ್ ಕೈಗೆಟುಕಿದರೆ ಅದನ್ನು ಕಿತ್ತು, ಇಲ್ಲವಾದರೆ ಪ್ಯಾನೆಲ್ಲಿನ ಬ್ರೇಕರ್ ಇಳಿಸಿ. ಅವನು ಏಣಿಯ ಮೇಲಿದ್ದರೆ ಸರಬರಾಜು ನಿಂತ ಕ್ಷಣವೇ ಹಿಡಿತ ಸಡಿಲಿ ಕೆಳಗೆ ಬೀಳುತ್ತಾನೆಂಬುದೂ ಗಮನದಲ್ಲಿರಲಿ. 11 ಕೆ.ವಿ. (11 ಸಾವಿರ ವೋಲ್ಟ್) ಉಪಕರಣವಾದರೆ ವಿದ್ಯುತ್ ಕಡಿತ ಖಚಿತವಾಗುವವರೆಗೆ ಯಾರೂ ಹತ್ತಿರ ಹೋಗಲೇಬಾರದು.

ಬಿಡಿಸಿದ ಮೇಲೆ ಉಸಿರಾಟ ನೋಡಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುವುದನ್ನು ಬಹಳ ಜನ ಉಸಿರಾಟವೆಂದೇ ತಿಳಿಯುತ್ತಾರೆ. ಅದು ಹೃದಯ ನಿಂತಿರುವುದರ ಲಕ್ಷಣವಾಗಿರಬಹುದು. ಅವನು ಪ್ರತಿಕ್ರಿಯಿಸದೆ, ಸಹಜವಾಗಿ ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಯೂರಿ, ನಿಮಿಷಕ್ಕೆ 100ರಿಂದ 120 ಬಾರಿಯಂತೆ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬೇಕು. ದಣಿದಾಗ ಸರದಿ ಬದಲಿಸಿ, ಆದರೆ ಒತ್ತುವುದು ನಿಲ್ಲಬಾರದು. ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಬಡಿತ ಸರಿಪಡಿಸುವ ಎ.ಇ.ಡಿ. ಯಂತ್ರವಿದ್ದರೆ ತಡಮಾಡದೆ ತರಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸ್ವಿಚ್ ದೂರವಿದ್ದರೆ ಕೋಲಿನಿಂದ ತಳ್ಳಬಹುದೇ? ನಮ್ಮಲ್ಲಿ ಮೊದಲು ಅಂಗಾಲು ತಿಕ್ಕುತ್ತಾರೆ.

ಉತ್ತರ: 230 ಅಥವಾ 415 ವೋಲ್ಟ್ ಆಗಿದ್ದು, ಬೇರೆ ದಾರಿಯೇ ಇಲ್ಲದಿದ್ದರೆ, ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನೋ ಅವನ ಕೈಯನ್ನೋ ಸರಿಸಬಹುದು. ಒದ್ದೆ ಕೋಲು, ಕಬ್ಬಿಣದ ಸಲಾಕೆ ಬೇಡ. ಅಂಗಾಲು ತಿಕ್ಕುವುದರಿಂದ ನಿಂತ ಹೃದಯ ಮತ್ತೆ ಬಡಿಯುವುದಿಲ್ಲ. ಎದೆ ಒತ್ತಬೇಕಾದ ಅಮೂಲ್ಯ ನಿಮಿಷಗಳು ಅದರಲ್ಲೇ ಕಳೆದುಹೋಗುತ್ತವೆ.

ಮೊದಲ ಸದಸ್ಯರು: ಹಾಗಾದರೆ ಆ ಹುಡುಗನ ವಿಷಯದಲ್ಲಿ ಈಗೇನು ಮಾಡಲಿ?

ಉತ್ತರ: ಇಂದೇ ಆಸ್ಪತ್ರೆಗೆ ಕರೆದೊಯ್ದು, ನಡೆದುದನ್ನೆಲ್ಲ ತಿಳಿಸಿ ಇ.ಸಿ.ಜಿ. ಮಾಡಿಸಿ, ಜೊತೆಗಾರನನ್ನೂ ಕರೆದೊಯ್ಯಿರಿ. ಚರ್ಮದ ಮೇಲೆ ಚಿಕ್ಕ ಗುರುತಷ್ಟೇ ಇದ್ದರೂ ಒಳಗಿನ ಸ್ನಾಯು ಸುಟ್ಟಿರಬಹುದು. ಮೂತ್ರ ಕಪ್ಪಾಗಿದ್ದರೆ ಮೂತ್ರಪಿಂಡಕ್ಕೆ ಅಪಾಯವಿದೆಯೆಂದು ತಿಳಿದು ತಕ್ಷಣ ವೈದ್ಯರಿಗೆ ಹೇಳಿ. ಆ ಗ್ರೈಂಡರಿಗೆ ಟೇಪ್ ಸುತ್ತಿ ಮತ್ತೆ ಕೊಡಬೇಡಿ, ಕೇಬಲ್ಲನ್ನೇ ಬದಲಿಸಿ. ಕೈ ಉಪಕರಣಗಳ ಸರ್ಕ್ಯೂಟಿಗೆ ವಿದ್ಯುತ್ ನೆಲಕ್ಕೆ ಸೋರಿದೊಡನೆ ಸರಬರಾಜನ್ನು ತಾನೇ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವನನ್ನು ಅದು ಕಾಪಾಡಲಾರದೆಂದು ಎಲ್ಲರಿಗೂ ತಿಳಿಸಿ. ಜೀವಕ್ಕೆ ಅಪಾಯ ತರಬಹುದಾಗಿದ್ದ ಇಂಥ ಅವಘಡದ ಮಾಹಿತಿಯನ್ನು 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಂತೆ ವಿದ್ಯುತ್ ಪರಿವೀಕ್ಷಕರಿಗೆ ಕೊಡಬೇಕಾಗುತ್ತದೆ. ಮಾಲೀಕರೊಡನೆ ಮಾತಾಡಿ ಅದನ್ನೂ ಇಂದೇ ಕಳುಹಿಸಿ.