ಅಪ್‌ಡೇಟ್: ಎರಡು ಆಯಾಮದ ಅರೇಯನ್ನು ಫಂಕ್ಷನ್‌ಗೆ ಕಳುಹಿಸುವ ತೊಂದರೆ ಬಗೆಹರಿಯಿತು

ಸಿ ಭಾಷೆಯಲ್ಲಿ ಮೂರು ಸಾಲು, ನಾಲ್ಕು ಕಾಲಮ್‌ಗಳ ಅರೇಯಾಗಿ ಬರೆದ ಅಂಕಪಟ್ಟಿಯನ್ನು ‘ಪಾಯಿಂಟರ್‌ಗೆ ಪಾಯಿಂಟರ್’ (ಪಾಯಿಂಟರ್ ಎಂದರೆ ಮೆಮೊರಿಯ ವಿಳಾಸವನ್ನು ಹಿಡಿದಿಡುವ ವೇರಿಯಬಲ್) ಬಯಸುವ ಫಂಕ್ಷನ್‌ಗೆ ಕಳುಹಿಸಿದರೆ ಪ್ರೋಗ್ರಾಂ ಸೆಗ್ಮೆಂಟೇಶನ್ ಫಾಲ್ಟ್ (ತನ್ನದಲ್ಲದ ಮೆಮೊರಿಯನ್ನು ಮುಟ್ಟಿದ ದೋಷ) ತೋರಿಸಿ ನಿಂತುಹೋಗುತ್ತದೆ, ಏಕೆ ಎಂದು ಕೇಳಿದ್ದೆ. ನೀವು ಹೇಳಿದಂತೆ ಕಂಪೈಲರ್‌ನ ಎಚ್ಚರಿಕೆಯನ್ನು ಗಮನವಿಟ್ಟು ಓದಿದೆ. ಕಾರಣ ಅಲ್ಲಿಯೇ ಇತ್ತು.

ಫಂಕ್ಷನ್‌ಗೆ ಹೋಗುವಾಗ ಈ ಅರೇಯ ಹೆಸರು ‘ನಾಲ್ಕು ಇಂಟ್‌ಗಳ (ಪೂರ್ಣಾಂಕಗಳ) ಒಂದು ಸಾಲಿಗೆ ಪಾಯಿಂಟರ್’ ಆಗುತ್ತದೆಯೇ ಹೊರತು ಪಾಯಿಂಟರ್‌ಗೆ ಪಾಯಿಂಟರ್ ಆಗುವುದಿಲ್ಲ. ಹನ್ನೆರಡು ಸಂಖ್ಯೆಗಳೂ ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಇರುತ್ತವೆ, ಅಲ್ಲಿ ವಿಳಾಸಗಳೇ ಇರುವುದಿಲ್ಲ. ನನ್ನ 64 ಬಿಟ್ ಕಂಪ್ಯೂಟರಿನಲ್ಲಿ ಫಂಕ್ಷನ್ ಮೊದಲ ಎರಡು ಅಂಕಗಳಾದ 71 ಮತ್ತು 64ರ ಒಟ್ಟು 8 ಬೈಟ್‌ಗಳನ್ನೇ ಒಂದು ವಿಳಾಸವೆಂದು ಭಾವಿಸಿ, ಇಲ್ಲದ ಜಾಗವನ್ನು ಓದಲು ಹೋಗುತ್ತಿತ್ತು. ಇದು ಅರ್ಥವಾದಾಗ ನಿಜಕ್ಕೂ ಸಂತೋಷವಾಯಿತು.

ಈಗ ಸಾಲು ಮತ್ತು ಕಾಲಮ್‌ಗಳ ಸಂಖ್ಯೆಯನ್ನು ಮೊದಲ ಎರಡು ಪ್ಯಾರಾಮೀಟರ್‌ಗಳಾಗಿಯೂ, ಅವನ್ನೇ ಅಳತೆಯಾಗಿ ಬಳಸುವ ಅರೇಯನ್ನು ಮೂರನೆಯದಾಗಿಯೂ ಬರೆದಿದ್ದೇನೆ. ಸಿ ಭಾಷೆಯ 1999ರ ಮಾನದಂಡವಾದ ಸಿ99 ಇದಕ್ಕೆ ಅವಕಾಶ ಕೊಡುತ್ತದೆ, ಆದರೆ ಈ ಕ್ರಮವನ್ನು ತಪ್ಪಿಸುವಂತಿಲ್ಲ. ಎರಡನೆಯ ಸಾಲು 16 ಬೈಟ್‌ಗಳ ಆಚೆ ಇದೆಯೆಂದು ಲೆಕ್ಕ ಹಾಕಲು ಕಾಲಮ್‌ಗಳ ಸಂಖ್ಯೆ ಬೇಕೇ ಬೇಕು. ಫಂಕ್ಷನ್‌ನ ಒಳಗೆ ಅರೇಯ ಮೇಲೆ, ಗಾತ್ರವನ್ನು ಬೈಟ್‌ಗಳಲ್ಲಿ ತಿಳಿಸುವ ಸೈಜ್‌ಆಫ್ ಬಳಸಿದರೆ ಇಡೀ ಅರೇಯ 48 ಬೈಟ್ ಸಿಗದೆ ಪಾಯಿಂಟರ್‌ನ 8 ಮಾತ್ರ ಸಿಗುತ್ತದೆ ಎಂಬುದನ್ನೂ ಪರೀಕ್ಷಿಸಿ ನೋಡಿದೆ. ಮೂರೂ ಸಾಲುಗಳ ಮೊತ್ತ ಈಗ ಸರಿಯಾಗಿ ಬರುತ್ತಿದೆ.