ಹಂಗಾಮಿ ತೂಕವೋ, ಋತು ತೂಕವೋ? ಹೆಣ್ಣು ಸೀಲ್ ಬಗ್ಗೆ ಬರೆಯುವಾಗಿನ ಪದಗಳು

ಪ್ರಶ್ನೆ (ಪುಣೆ):
ಎಲ್ಲರಿಗೂ ನಮಸ್ಕಾರ. ಶಾಲಾ ಮಕ್ಕಳಿಗಾಗಿ ಮರಾಠಿ ಟಿಪ್ಪಣಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಕ್ಯಾಲಿಫೋರ್ನಿಯಾ ಕರಾವಳಿಯ ಹೆಣ್ಣು ಆನೆಸೀಲ್‌ಗಳ (ಇವು ದೊಡ್ಡ ಗಾತ್ರದ ಕಡಲ ಸಸ್ತನಿಗಳು) 'ವಜನಾತೀಲ ಹಂಗಾಮಿ ಬದಲ' ಅದರ ವಿಷಯ. ಕರಡಿನಲ್ಲಿ 'ಹಂಗಾಮಿ ತೂಕ ಬದಲಾವಣೆ' ಎಂದಿದೆ. 'ಋತು ಬದಲಾವಣೆ' ಮೇಲೆಂಬ ಸಲಹೆಯೂ ಬಂದಿದೆ. ಹಾಲೂಡಿಸುವ ತಾಯಿ 'ಸೊರಗುತ್ತದೆ' ಎನ್ನಬಹುದೆ? 'ಚರಬಿ'ಗೆ ಕೊಬ್ಬೋ, ನೆಣವೋ?

ಉತ್ತರ (ಮಾಟುಂಗಾ, ಮುಂಬಯಿ):
ಎರಡು ಸಲಹೆಗಳನ್ನೂ ದಯವಿಟ್ಟು ಕೈಬಿಡಿ. ಮರಾಠಿಯ 'ಹಂಗಾಮಿ'ಗೆ ವರ್ಷದ ಆಯಾ ಕಾಲಕ್ಕೆ ತಕ್ಕಂಥದ್ದು ಎಂಬ ಅರ್ಥವಿದೆ. ಕನ್ನಡದಲ್ಲಿ ಹಂಗಾಮಿ ಅಂದರೆ ತಾತ್ಕಾಲಿಕ, ಹಂಗಾಮಿ ಸಭಾಪತಿ ಅನ್ನುವ ಹಾಗೆ. 'ಹಂಗಾಮಿ ತೂಕ' ಎಂದರೆ ಇನ್ನೂ ಖಚಿತವಾಗದ ತೂಕ ಎಂದೇ ಓದುತ್ತಾರೆ. 'ಋತು' ಇನ್ನೂ ಕಷ್ಟ: ಹೆಣ್ಣಿನ ಪಕ್ಕದಲ್ಲಿ ಕೂತ ಕೂಡಲೇ ಅದು ಋತುಮತಿ, ಋತುಸ್ರಾವದ ಕಡೆ ಹೊರಳುತ್ತದೆ. 'ವರ್ಷದುದ್ದಕ್ಕೂ ತೂಕದ ಏರಿಳಿತ' ಎನ್ನಿ. ವಿಷಯಕ್ಕೂ ಅದೇ ಸರಿ, ಏಕೆಂದರೆ ಈ ತಾಯಿಯ ತೂಕ ವರ್ಷಕ್ಕೆ ಎರಡು ಸಲ ಇಳಿಯುತ್ತದೆ: ಚಳಿಗಾಲದಲ್ಲಿ ಮರಿ ಹಾಕಿ ಹಾಲೂಡಿಸುವಾಗ, ಆಮೇಲೆ ವಸಂತದಲ್ಲಿ ಮೈರೋಮ ಬದಲಿಸುವಾಗ. ನಡುವೆ ಎರಡು ತಿಂಗಳಿಗೂ ಹೆಚ್ಚು ಕಾಲ, ಆಮೇಲೆ ಏಳೆಂಟು ತಿಂಗಳು, ಕಡಲಿನಲ್ಲಿ ಮೇದು ಮೈತುಂಬಿಕೊಳ್ಳುತ್ತದೆ.

'ಸೊರಗು' ಬೇಡವೇ ಬೇಡ. ಅದರಲ್ಲಿ ರೋಗದ, ಕೊರಗಿನ ನೆರಳಿದೆ. ನೀರಿಲ್ಲದ ಗಿಡ ಸೊರಗುತ್ತದೆ. ಇಲ್ಲಿ ತಾಯಿ ಕಡಲಿನಲ್ಲಿ ಕೂಡಿಟ್ಟದ್ದನ್ನು ಸುಮಾರು ನಾಲ್ಕು ವಾರ ಮರಿಗೆ ಹಾಲಾಗಿ ಕೊಡುತ್ತಿದೆ. 'ಮೈ ಇಳಿಯುತ್ತದೆ' ಎಂದರೆ ಸಾಕು.

ಮರಾಠಿಯಲ್ಲಿ ಎರಡಕ್ಕೂ ಚರಬಿ ಎನ್ನುವುದುಂಟು. ನಮ್ಮಲ್ಲಿರುವ ಎರಡನ್ನೂ ಬಳಸಿ. ತೊಗಲಿನ ಕೆಳಗೆ ಮೈಸುತ್ತಿಕೊಂಡಿರುವ ದಪ್ಪ ಪದರಕ್ಕೆ 'ನೆಣಪದರ', ಹಾಲಿನಲ್ಲಿರುವುದಕ್ಕೆ 'ಕೊಬ್ಬು'. ಹಾಗೆ ಬೇರ್ಪಡಿಸಿದರೆ 'ನೆಣ ಕರಗಿ ಹಾಲಿನ ಕೊಬ್ಬಾಗುತ್ತದೆ' ಎಂದು ಗೊಂದಲವಿಲ್ಲದೆ ಬರೆಯಬಹುದು. ಮರಿ ಬೆಳೆದಂತೆ ಈ ಹಾಲಿನ ಕೊಬ್ಬು ಶೇ 50 ದಾಟುತ್ತದೆ. ಆದರೆ ಇಳಿದ ತೂಕವೆಲ್ಲ ನೆಣವಲ್ಲ, ಸ್ನಾಯುವೂ ಒಂದಿಷ್ಟು ಕರಗುತ್ತದೆ. 'ಇಷ್ಟು ಕಿಲೊ ನೆಣ ಕಳೆದುಕೊಂಡಿತು' ಎಂದರೆ ತಪ್ಪು; 'ತೂಕ ಇಳಿಯಿತು' ಎನ್ನಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಪ್ರತ್ಯಯದಲ್ಲಿ. ತೂಕ 'ಶೇ 40ರಷ್ಟು ಇಳಿಯುತ್ತದೆ' ಮತ್ತು 'ಶೇ 40ಕ್ಕೆ ಇಳಿಯುತ್ತದೆ', ಎರಡೂ ಒಂದಲ್ಲ. ಮರಿ ಹಾಕಿದಾಗ 500 ಕಿಲೊ ಇದ್ದ ತಾಯಿ ಮೊದಲನೆಯ ಲೆಕ್ಕದಲ್ಲಿ 300 ಕಿಲೊ ಉಳಿಯುತ್ತದೆ, ಎರಡನೆಯದರಲ್ಲಿ 200. ಆನೆಸೀಲ್‌ಗೆ ಮೊದಲನೆಯದೇ ಸರಿ. ಮರಾಠಿಯಲ್ಲಿ 'ಟಕ್ಕ್ಯಾಂನೀ' ಇದೆಯೋ 'ಟಕ್ಕ್ಯಾಂವರ' ಇದೆಯೋ, ಮೂಲವನ್ನು ಇನ್ನೊಮ್ಮೆ ನೋಡಿ. 'ನೀ' ಇದ್ದರೆ ರಷ್ಟು, 'ವರ' ಇದ್ದರೆ ಕ್ಕೆ.

ತಾಯಿ ದಡದಲ್ಲಿ ಹಾಲೂಡಿಸುವ ದಿನಗಳಿಗೆ 'ಉಪವಾಸ' ಎಂದಷ್ಟೇ ಬರೆದರೆ ಪುಣೆಯ ಮಕ್ಕಳಿಗೆ ಏಕಾದಶಿಯ ಸಾಬೂದಾಣೆ ಖಿಚಡಿ ನೆನಪಾಗುತ್ತದೆ. 'ಏನೂ ತಿನ್ನದೆ, ನೀರೂ ಕುಡಿಯದೆ' ಎಂದು ಬಿಡಿಸಿ ಬರೆಯಿರಿ. ನೀರಿನ ಬಹುಪಾಲು ನೆಣ ಉರಿದಾಗ ಮೈಯೊಳಗೇ ಹುಟ್ಟುತ್ತದೆ. ಇದನ್ನು ಎಲ್ಲ ಸೀಲ್‌ಗಳಿಗೂ ಅನ್ವಯಿಸಬೇಡಿ: ಗಾತ್ರದಲ್ಲಿ ಚಿಕ್ಕದಾದ ಬಂದರು ಸೀಲ್‌ನ ತಾಯಿ ಹಾಲೂಡಿಸುವ ದಿನಗಳಲ್ಲೇ ಕಡಲಿಗಿಳಿದು ಮೀನು ಹಿಡಿಯುತ್ತದೆ.

ಸೇರ್ಪಡೆ (ವಾಸ್ಕೊ, ಗೋವಾ):
ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ. ಆನೆಸೀಲ್‌ಗೆ 'ಮೈರೋಮ ಬದಲಿಸು' ಸಾಲದು. ಬೇರೆ ಬಹುತೇಕ ಸೀಲ್‌ಗಳಲ್ಲಿ ರೋಮವಷ್ಟೇ ಉದುರುತ್ತದೆ. ಇದರಲ್ಲಿ ರೋಮದ ಜೊತೆ ತೊಗಲಿನ ಮೇಲ್ಪದರವೂ ತೇಪೆ ತೇಪೆಯಾಗಿ ಕಿತ್ತುಬರುತ್ತದೆ, ಅಡಿಯಲ್ಲಿ ಹೊಸ ರೋಮ ಕಾಣುತ್ತದೆ. ಹಾವಿಗೆ ಹೇಳುವ 'ಪೊರೆ ಬಿಡು' ಇಲ್ಲಿ ಚೆನ್ನಾಗಿ ಕೂರುತ್ತದೆ. ನಿಮ್ಮ ಮರಾಠಿ ಮೂಲದಲ್ಲಿ 'ಕಾತ ಟಾಕಣೆ' ಎಂದಿದ್ದರೆ ಅದೂ ಪೊರೆ ಬಿಡುವುದೇ, ಕನ್ನಡದಲ್ಲೂ ಹಾಗೇ ಇಟ್ಟುಕೊಳ್ಳಿ.